ಜೂನ್ ತಿಂಗಳ ಸಾಲ ತಪ್ಪಿಸಲು ಮನೆಯಲ್ಲಿ ಉಳಿತಾಯ

ನಮ್ಮ ಕರಾವಳಿಯ ಹೆಚ್ಚಿನ ಕುಟುಂಬಗಳಿಗೆ ವರ್ಷದಲ್ಲಿ ಅತಿ ಬಿಗಿಯಾದ ತಿಂಗಳು ಜೂನ್. ಶಾಲೆಯ ಫೀಸು, ಪುಸ್ತಕ, ಸಮವಸ್ತ್ರ, ಕೊಡೆ, ಮಾಡಿನ ಹಂಚಿನ ದುರಸ್ತಿ ಎಲ್ಲವೂ ಒಟ್ಟಿಗೆ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಮಳೆಗೆ ಕೂಲಿ ಕೆಲಸವೂ ಕಡಿಮೆ. ಮೇ ತಿಂಗಳ ಮದುವೆ, ರೋಸ್, ಉಡುಗೊರೆಗಳಲ್ಲಿ ಕೈ ಮೊದಲೇ ಖಾಲಿಯಾಗಿರುತ್ತದೆ. ಆಗ ಉಳಿಯುವುದು ಚಿನ್ನ ಅಡವಿಡುವುದು, ಇಲ್ಲವೇ ಕೈಸಾಲ.

ಕೈಸಾಲದ ಲೆಕ್ಕವನ್ನು ಒಮ್ಮೆ ನೋಡೋಣ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು, ಆದರೆ ವರ್ಷಕ್ಕೆ ಅದು ಶೇ. 36. ಜೂನ್‌ನಲ್ಲಿ 15,000 ರೂ. ಪಡೆದು ಕ್ರಿಸ್ಮಸ್ ಹೊತ್ತಿಗೆ ತೀರಿಸಿದರೂ 6 ತಿಂಗಳ ಬಡ್ಡಿ 2,700 ರೂ. ಅದೇ 15,000 ರೂ. ಅನ್ನು ಆಗಸ್ಟ್‌ನಿಂದ ಮೇವರೆಗೆ ಕೂಡಿಡಲು ತಿಂಗಳಿಗೆ 1,500 ರೂ., ಅಂದರೆ ದಿನಕ್ಕೆ 50 ರೂ. ಬೇಕು.

ಇದರಲ್ಲಿ ಒಂದು ಪಾಲು ಅಡುಗೆಮನೆಯಿಂದಲೇ ಬರುತ್ತದೆ. ನಮ್ಮ ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಹಿಡಿಯುವುದರಿಂದ 14.2 ಕಿಲೋದ ಸಿಲಿಂಡರಿನ ದೊಡ್ಡ ಭಾಗ ಗಂಜಿಗೇ ಹೋಗುತ್ತದೆ. ಅಕ್ಕಿಯನ್ನು ನೆನೆಸಿಟ್ಟು, ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿದ ಪಾತ್ರೆಯನ್ನು ಥರ್ಮಲ್ ಕುಕ್ಕರಿನಲ್ಲಿಟ್ಟರೆ ಒಳಗಿನ ಬಿಸಿಯಲ್ಲೇ ಅನ್ನ ಬೇಯುತ್ತದೆ. ಕುಕ್ಕರ್ ಇಲ್ಲದವರು ಬೈಹುಲ್ಲು ತುಂಬಿದ ಬುಟ್ಟಿಯಲ್ಲಿ ಪಾತ್ರೆಯನ್ನಿಟ್ಟು ಮೇಲೆ ಹಳೆಯ ಕಂಬಳಿ ಹೊದಿಸಬಹುದು. ಸ್ನಾನದ ನೀರಿಗೆ ಬಚ್ಚಲ ಒಲೆಯನ್ನು ಕಿತ್ತುಹಾಕಬೇಡಿ. ತೆಂಗಿನ ಮರವಿದ್ದ ಮನೆಯಲ್ಲಿ ಗೆರಟೆ, ಸಿಪ್ಪೆ, ಕೊತ್ತಳಿಗೆಗಳನ್ನು ಮೇ ತಿಂಗಳೊಳಗೆ ಒಣಗಿಸಿ ಕೊಟ್ಟಿಗೆಗೆ ಸೇರಿಸಿದರೆ ಮಳೆಗಾಲ ಕಳೆಯುತ್ತದೆ.

ಮಳೆಗಾಲದಲ್ಲಿ ಮೀನು ತರಕಾರಿಗಳೆರಡೂ ದುಬಾರಿ. ಇದಕ್ಕೆ ಹಿರಿಯರು ಕಂಡುಕೊಂಡ ದಾರಿ ನಮಗೆಲ್ಲ ಗೊತ್ತಿದೆ, ಮಾಡುವವರು ಮಾತ್ರ ಕಡಿಮೆಯಾಗಿದ್ದಾರೆ. ಬೆಳೆದ ಸೌತೆಕಾಯಿಯನ್ನು ತೆಂಗಿನ ಗರಿಯಲ್ಲಿ ಕಟ್ಟಿ ಗಾಳಿಯಾಡುವ ಕಡೆ ಒಂದಕ್ಕೊಂದು ತಾಗದಂತೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತೊಟ್ಟು ಮುರಿದದ್ದನ್ನೂ ಗಾಯವಾದದ್ದನ್ನೂ ಮೊದಲು ಬಳಸಿಬಿಡಿ. ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕಿಡಬಹುದು. ಬೇಳೆಯನ್ನು ಬೇಯಿಸಿ ಒಣಗಿಸಬಹುದು. ಬಿದ್ದ ಕಾಟುಮಾವಿನಿಂದ ಮಾಂಬಳವಾಗುತ್ತದೆ. ಒಣಮೀನು, ಒಣ ಸಿಗಡಿಗಳನ್ನು ಏಪ್ರಿಲ್‌ನಲ್ಲೇ ಕೊಂಡು, ಬಿಸಿಲಿಗೆ ಇನ್ನೊಮ್ಮೆ ಹಾಕಿ ಡಬ್ಬಿಗೆ ತುಂಬಿಸಿರಿ. ಅಂಗಡಿಯಿಂದ ತಂದದ್ದು ಪೂರ್ತಿ ಒಣಗಿರುವುದು ಅಪರೂಪ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕರೆಂಟಿನ ಬಗ್ಗೆ ಅಸಡ್ಡೆ ಹೆಚ್ಚಿದೆ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 2,000 ವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. ಫ್ಯಾನುಗಳು ರಾತ್ರಿ ಹಗಲು ತಿರುಗುವ ಮೇ ತಿಂಗಳಲ್ಲಿ ನಿಗಾ ಇರಲಿ.

ಇಷ್ಟೆಲ್ಲ ಮಾಡಿದರೂ ಅಡುಗೆಮನೆಯೊಂದರಿಂದಲೇ 1,500 ರೂ. ಹುಟ್ಟುವುದಿಲ್ಲ. ಮಿತವ್ಯಯದ ಉಪದೇಶವನ್ನು ನಾವು ಸಾಮಾನ್ಯವಾಗಿ ಹೆಂಗಸರಿಗೇ ಕೊಡುತ್ತೇವೆ. ಮನೆಯ ಗಂಡಸರ ಸಿಗರೇಟು, ಶನಿವಾರದ ಬಾಟಲಿ, ಸಾಲ ಮಾಡಿ ಹಾಕಿಸುವ ಡಿಜೆ ಲೆಕ್ಕಕ್ಕೆ ಬರುವುದೇ ಇಲ್ಲ. ತಿಂಗಳ ಖರ್ಚನ್ನು ಗಂಡ ಹೆಂಡತಿ ಇಬ್ಬರೂ ಕುಳಿತು ಒಂದೇ ಪುಸ್ತಕದಲ್ಲಿ ಬರೆದರೆ ಉಳಿದ ಪಾಲು ಎಲ್ಲಿದೆ ಎಂದು ತಿಳಿಯುತ್ತದೆ.

ಉಳಿದ ಹಣವನ್ನು ಡಬ್ಬಿಯಲ್ಲಿಟ್ಟರೆ ಅದು ಮೇ ತಿಂಗಳವರೆಗೆ ಇರುವುದಿಲ್ಲ. ಅಂಚೆ ಕಚೇರಿಯ ಆರ್.ಡಿ. 5 ವರ್ಷದ್ದಾದ್ದರಿಂದ ಈ ಕೆಲಸಕ್ಕೆ ಹೊಂದುವುದಿಲ್ಲ. ಸ್ವಸಹಾಯ ಸಂಘದಲ್ಲಿ ಕಟ್ಟಬಹುದು. ಅಥವಾ ಎಟಿಎಂ ಕಾರ್ಡ್ ಪಡೆಯದೆ ಬ್ಯಾಂಕಿನಲ್ಲಿ ಬೇರೆಯೇ ಉಳಿತಾಯ ಖಾತೆ ತೆರೆದು, ಸಂಬಳ ಅಥವಾ ಬೋಟಿನ ಪಾಲು ಕೈಗೆ ಬಂದ ದಿನವೇ ತುಂಬಿಸಿರಿ.