ಪೈಥಾನ್ ಭಾಷೆಯಲ್ಲಿ ಆರ್ಗ್ಯುಮೆಂಟುಗಳ ಚಾಲನಾಕಾಲದ ಪರಿಶೀಲನೆ

ಕನ್ನಡದಲ್ಲಿ ಕರ್ತೃಕರ್ಮಗಳ ಸ್ಥಾನವನ್ನು ಪಲ್ಲಟಗೊಳಿಸಿದರೂ ವಾಕ್ಯದ ಅರ್ಥ ಕೆಡದು. ಪ್ರತಿಯೊಂದು ಪದದ ಪಾತ್ರವನ್ನು ವಿಭಕ್ತಿಪ್ರತ್ಯಯವು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಆ ಕಾರ್ಯವನ್ನು ಬಹುಮಟ್ಟಿಗೆ ಸ್ಥಾನವೇ ನಿರ್ವಹಿಸುತ್ತದೆ. ಪೈಥಾನ್ ಎಂಬ ಗಣಕಭಾಷೆಯು ಈ ಎರಡು ಪದ್ಧತಿಗಳನ್ನೂ ಅಂಗೀಕರಿಸಿದೆ. ಫಂಕ್ಷನ್ನನ್ನು ಕರೆಯುವಾಗ ಆರ್ಗ್ಯುಮೆಂಟುಗಳನ್ನು ಸ್ಥಾನದಿಂದಲೂ ಕೊಡಬಹುದು, ಹೆಸರಿನಿಂದಲೂ ಕೊಡಬಹುದು. ಈ ಸೌಕರ್ಯವೇ ಪರಿಶೀಲಕನಿಗೆ ತೊಡಕಾಗಿ ಪರಿಣಮಿಸುತ್ತದೆ.

ಪರೀಕ್ಷೆಯ ಅಂಕಗಳನ್ನು ಬರೆದಿಡುವ ಒಂದು ಫಂಕ್ಷನ್ ಇದೆಯೆನ್ನೋಣ: ದಾಖಲಿಸು(ಕ್ರಮಾಂಕ, ಅಂಕ, ಗರಿಷ್ಠ=100). (2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಈಚೆಗೆ ಹೆಸರುಗಳನ್ನು ಹೀಗೆ ಕನ್ನಡ ಲಿಪಿಯಲ್ಲಿಯೇ ಬರೆಯಬಹುದು, ಅಧ್ಯಾಪಕರು ಇದನ್ನು ಬಳಸಿಕೊಳ್ಳುವುದು ಲೇಸು.) ಅಂಕವು ಗರಿಷ್ಠವನ್ನು ಮೀರಿದರೆ ತಡೆಯುವುದಕ್ಕಾಗಿ ಒಂದು ಡೆಕೊರೇಟರನ್ನು ಕಾವಲಿಟ್ಟೆವು. ಅದರ ಹೊದಿಕೆಯ ಫಂಕ್ಷನ್ನಿಗೆ ಸ್ಥಾನದಿಂದ ಬಂದ ಬೆಲೆಗಳು ಟ್ಯೂಪಲ್ ಆಗಿಯೂ ಹೆಸರಿನಿಂದ ಬಂದವು ಡಿಕ್ಷನರಿಯಾಗಿಯೂ ದೊರೆಯುತ್ತವೆ. ಕಾವಲಿನವನು ಡಿಕ್ಷನರಿಯಲ್ಲಿ ಮಾತ್ರ ಅಂಕವನ್ನು ಹುಡುಕಿ, ಸಿಗದಿದ್ದಾಗ ಸುಮ್ಮನಾದರೆ, ದಾಖಲಿಸು(27, 135) ಎಂಬ ಕರೆಯು ನಿರಾತಂಕವಾಗಿ ಒಳಹೊಗುತ್ತದೆ. ನೂರಕ್ಕೆ 135 ಅಂಕ ದಾಖಲೆಯಾಗುತ್ತದೆ. ಯಾವ ದೋಷಸೂಚನೆಯೂ ಬಾರದು.

ಇದಕ್ಕೆ ತಕ್ಕ ಉಪಾಯ ಇನ್‌ಸ್ಪೆಕ್ಟ್ ಮಾಡ್ಯೂಲಿನ ಸಿಗ್ನೇಚರ್. 2012ರಲ್ಲಿ 3.3ನೆಯ ಆವೃತ್ತಿಯೊಡನೆ ಬಂದ ಇದು ಪೆರಾಮೀಟರುಗಳ ಹೆಸರು, ಬಗೆ ಮತ್ತು ಪೂರ್ವನಿಯತ ಬೆಲೆಗಳನ್ನು ತಿಳಿಸುತ್ತದೆ. ಅದರ ಬೈಂಡ್ ಎಂಬ ವಿಧಾನವು, ಬೆಲೆಗಳು ಯಾವ ದಾರಿಯಿಂದಲೇ ಬಂದಿರಲಿ, ಅವುಗಳನ್ನು ತಕ್ಕ ಹೆಸರಿಗೆ ಸೇರಿಸುತ್ತದೆ; ಸಂಖ್ಯೆಯಾಗಲಿ ಹೆಸರಾಗಲಿ ಹೊಂದದಿದ್ದರೆ ಟೈಪ್‌ಎರರ್ ಎಬ್ಬಿಸುತ್ತದೆ. ಇಲ್ಲೊಂದು ಸೂಕ್ಷ್ಮವುಂಟು. ಮೇಲಿನ ಕರೆಯಲ್ಲಿ ಗರಿಷ್ಠವನ್ನು ಕೊಟ್ಟಿಲ್ಲವಾದ್ದರಿಂದ ಬೈಂಡ್ ನೀಡುವ ಫಲಿತದಲ್ಲಿ ಅದು ಕಾಣುವುದಿಲ್ಲ. 3.5ನೆಯ ಆವೃತ್ತಿಯಲ್ಲಿ ಸೇರಿದ ಅಪ್ಲೈ_ಡಿಫಾಲ್ಟ್ಸ್ ಎಂಬುದನ್ನು ಕರೆದ ಮೇಲೆಯೇ 100 ಎಂಬ ಬೆಲೆ ಅಲ್ಲಿ ತುಂಬಿ, ಹೋಲಿಕೆ ಸಾಧ್ಯವಾಗುತ್ತದೆ.

ಸಿಗ್ನೇಚರನ್ನು ಪ್ರತಿ ಕರೆಯಲ್ಲೂ ರಚಿಸುವುದು ವ್ಯರ್ಥವ್ಯಯ. ಹೊದಿಸುವಾಗ ಒಮ್ಮೆ ಪಡೆದಿಟ್ಟರೆ ಸಾಕು. ಫಂಕ್‌ಟೂಲ್ಸ್ ಮಾಡ್ಯೂಲಿನ ರ‍್ಯಾಪ್ಸ್ ಬಳಸಿದ್ದರೆ ಸಿಗ್ನೇಚರ್ ಹೊದಿಕೆಯನ್ನು ದಾಟಿ ಮೂಲಫಂಕ್ಷನ್ನಿನ ಸ್ವರೂಪವನ್ನೇ ತೋರಿಸುತ್ತದೆ. ಹಳೆಯ ಪಾಠಗಳಲ್ಲಿ ಕಾಣುವ ಗೆಟ್‌ಆರ್ಗ್‌ಸ್ಪೆಕ್ ಎಂಬುದನ್ನು 2022ರ 3.11ನೆಯ ಆವೃತ್ತಿಯಲ್ಲಿ ಕೈಬಿಡಲಾಯಿತು. ಸಿ ಭಾಷೆಯಲ್ಲಿ ರಚಿತವಾದ ಕೆಲವು ಅಂತರ್ಗತ ಫಂಕ್ಷನ್ನುಗಳು ತಮ್ಮ ಸ್ವರೂಪವನ್ನು ತಿಳಿಸದೆ ವ್ಯಾಲ್ಯೂಎರರ್ ಕೊಡುವುದೂ ಉಂಟು. ಇನ್ನು, ಬೈಂಡ್ ಬೆಲೆಯ ಜಾತಿಯನ್ನು ನೋಡುವುದೇ ಇಲ್ಲ. ಅಂಕದ ಸ್ಥಾನದಲ್ಲಿ ಸ್ಟ್ರಿಂಗ್ ಬಂದರೂ, ಘೋಷಿತ ಟೈಪ್ ಬೇರೆಯಾಗಿದ್ದರೂ, ಅದು ಒಪ್ಪಿಕೊಳ್ಳುತ್ತದೆ. ಆ ಪರೀಕ್ಷೆಯನ್ನು ಕಾವಲಿನವನೇ ಮಾಡಬೇಕು.