ಘಾಟಿಯ ರೈಲಿನಲ್ಲಿ ಉಣ್ಣೆಯ ಜಡೆ

ಹಾಸನ ಬಿಟ್ಟ ಹಗಲು ರೈಲು ಆಲೂರಿನ ಕಡೆ ಹೊರಳುವಾಗ ಜನವರಿಯ ಬಿಸಿಲು ಏರಿರುತ್ತದೆ, ಚಳಿ ಮಾತ್ರ ಬಿಟ್ಟಿರುವುದಿಲ್ಲ. ಕಿಟಕಿಯ ಸರಳು ಮುಟ್ಟಿದರೆ ಬೆರಳು ಜುಂ ಎನ್ನುತ್ತದೆ. ಹೊರಗೆ ಕೊಯ್ಲು ಮುಗಿದ ಗದ್ದೆಯ ಕೂಳೆ, ಹುಲ್ಲಿನ ಬಣವೆ, ಶುಂಠಿ ಕಿತ್ತು ಬರಿದಾದ ಹೊಲ. ಬಾಳ್ಳುಪೇಟೆ ಹತ್ತಿರವಾದಂತೆ ಗದ್ದೆಗಳು ಕಿರಿದಾಗಿ, ಸಿಲ್ವರ್ ಓಕ್ ಮರಗಳು ಸಾಲುಗಟ್ಟಿ, ಅವುಗಳ ಮೈಗೆ ಮೆಣಸಿನ ಬಳ್ಳಿಯೂ ಬುಡಕ್ಕೆ ಕಾಫಿ ಗಿಡವೂ ಬಂದು ಸೇರಿಕೊಳ್ಳುತ್ತವೆ. ತೋಟದ ದಾರಿಯಲ್ಲಿ ಹೆಂಗಸರು ಸೀರೆಯ ಮೇಲೊಂದು ಗಂಡಸರ ತುಂಬು ತೋಳಿನ ಅಂಗಿ ತೊಟ್ಟು, ತಲೆಗೆ ವಸ್ತ್ರ ಬಿಗಿದು ಹಣ್ಣು ಕೊಯ್ಯಲು ಹೊರಟಿರುತ್ತಾರೆ. ಅಂಗಿಯ ಕೆಳಗಿಂದ ಕೆಲವರ ಹಳೆಯ ಸ್ವೆಟರಿನ ಅಂಚು ಇಣುಕುತ್ತದೆ.

ನನ್ನ ಮಡಿಲಲ್ಲಿರುವುದೂ ಸ್ವೆಟರೇ, ಇನ್ನೂ ಅರ್ಧ. ಕಾಫಿ ಪುಡಿಯ ಬಣ್ಣದ ಉಣ್ಣೆ, ಮುಂದೆ ಗುಂಡಿ ಬರುವ ಕಾರ್ಡಿಗನ್ನು. ಬೆನ್ನಿನ ಭಾಗ ಮನೆಯಲ್ಲೇ ಮುಗಿದಿದೆ. ಬಲಗಡೆಯ ಮುಂಭಾಗವನ್ನು ಪ್ರಯಾಣಕ್ಕೆಂದೇ ಉಳಿಸಿಕೊಂಡಿದ್ದೇನೆ. ತುಂಡು ಚಿಕ್ಕದು, ಪಕ್ಕದವರ ತೋಳಿಗೆ ಕಡ್ಡಿ ತಾಗುವುದಿಲ್ಲ. ಉಂಡೆಯನ್ನು ಬಟ್ಟೆಚೀಲದೊಳಗೇ ಬಿಟ್ಟಿದ್ದೇನೆ, ಹೊರಗಿಟ್ಟರೆ ಬೋಗಿಯ ಒಂದೊಂದು ಕುಲುಕಿಗೂ ಉರುಳಿ ಸೀಟಿನಡಿಯ ದೂಳನ್ನೆಲ್ಲ ಹೊತ್ತು ತರುತ್ತದೆ. ಸೊಂಟದ ಪಟ್ಟಿಗೆ ಹತ್ತನೇ ನಂಬರಿನ ಕಡ್ಡಿ, ಮೈಗೆ ಎಂಟನೆಯದು. ನಮ್ಮ ಅಂಗಡಿಗಳ ಈ ಹಳೆಯ ಲೆಕ್ಕದಲ್ಲಿ ನಂಬರು ಇಳಿದಷ್ಟೂ ಕಡ್ಡಿ ದಪ್ಪ: ಹತ್ತು ಎಂದರೆ 3.25 ಮಿ.ಮೀ., ಎಂಟು ಎಂದರೆ 4 ಮಿ.ಮೀ.

"ಏನ್ ಮಗಾ ಅದು, ಸ್ವೆಟ್ರಾ?" ಎದುರಿನ ಸೀಟಿನ ಅಜ್ಜಿ ಕೇಳಿದರು.

"ಹೂಂ ಅಜ್ಜಿ, ಕಾರ್ಡಿಗನ್ನು. ಮುಂದೆ ಗುಂಡಿ ಬರುತ್ತೆ."

"ಗುಂಡಿ ಇರೋದೇ ಸರಿ ಬಿಡು. ತಲೆ ಮೇಲಿಂದ ಎಳ್ಕೊಳೋದು ಸೀರೆಯೋರಿಗೆ ಆಗ್ಬರಲ್ಲ. ಸೆರಗೂ ಕೆಡುತ್ತೆ, ತುರುಬೂ ಕೆಡುತ್ತೆ."

ಮಲೆನಾಡಿನ ಹೆಂಗಸರ ಹೆಗಲ ಮೇಲೆ ಕಾರ್ಡಿಗನ್ನೇ ಏಕೆ ಹೆಚ್ಚು ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಸಕಲೇಶಪುರದಲ್ಲಿ ರೈಲು ನಿಂತು ಉಸಿರು ತೆಗೆದುಕೊಳ್ಳುತ್ತದೆ. ಹೇಮಾವತಿಯ ಕಡೆಯಿಂದ ತಣ್ಣನೆ ಗಾಳಿ, ವಡೆಯ ಎಣ್ಣೆಯ ಘಮ, "ಕಾಫಿ ಕಾಫಿ" ಎಂಬ ಕೂಗು. ಇಲ್ಲಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು, ಸುರಂಗಗಳು 57. ಹಳಿ ಐವತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಯುವುದರಿಂದ ಗಾಡಿ ಓಡುವಂತಿಲ್ಲ, ಬ್ರೇಕು ಹಿಡಿದು ನಡೆಯಬೇಕು. ಎರಡು ಗಂಟೆಗೂ ಮೀರಿದ ಈ ನಡಿಗೆ ಹೆಣೆಯುವವರಿಗೆ ವರ.

ದೋಣಿಗಲ್ ದಾಟಿದ ಮೇಲೆ ಕಾಡು ಕಿಟಕಿಗೇ ಬಂದು ನಿಲ್ಲುತ್ತದೆ. ಒಂದು ಕಡೆ ನೀರು ಒಸರುವ ಬಂಡೆ, ಹಾವಸೆಯ ವಾಸನೆ, ಇನ್ನೊಂದು ಕಡೆ ತಳ ಕಾಣದ ಕಣಿವೆ, ಚಕ್ರದ ಕಿರುಗುಡುವಿಕೆ. ಅಷ್ಟರಲ್ಲಿ ಸುರಂಗ. ಸದ್ದು ಒಮ್ಮೆಲೇ ದಪ್ಪಗಾಗಿ ಮಕ್ಕಳೆಲ್ಲ ಹೋ ಎಂದು ಕಿರುಚುತ್ತಾರೆ. ಸುರಂಗದಿಂದ ಹೊರಬಿದ್ದರೆ ಬೆಳಕು, ಸೇತುವೆ, ಮತ್ತೆ ಕತ್ತಲು.

ಹೆಣಿಗೆಯೂ ಇದೇ ಲಯಕ್ಕೆ ಹೊಂದಿಕೊಳ್ಳುತ್ತದೆ. ನನ್ನ ಕಾರ್ಡಿಗನ್ನಿನ ಮೇಲೆ ಉಬ್ಬಿ ಬರುವ ಜಡೆ ವಿನ್ಯಾಸಕ್ಕೆ ಆರು ಹೊಲಿಗೆ, ಅದು ಎದ್ದು ಕಾಣಲು ಎರಡೂ ಮಗ್ಗುಲಲ್ಲಿ ಎರಡೆರಡು ಉಲ್ಟಾ ಹೊಲಿಗೆ. ಎಂಟು ಸಾಲಿಗೊಮ್ಮೆ ಅದನ್ನು ತಿರುವಬೇಕು: ಮೊದಲ ಮೂರು ಹೊಲಿಗೆಗಳನ್ನು ಎರಡೂ ಕಡೆ ಮೊನೆಯಿರುವ ಪುಟ್ಟ ಕಡ್ಡಿಗೆ ಇಳಿಸಿ ಮುಂದಕ್ಕೆ ಬಿಟ್ಟು, ಹಿಂದಿನ ಮೂರನ್ನು ಹೆಣೆದು, ಆಮೇಲೆ ಕಾದಿದ್ದ ಮೂರನ್ನು ಹೆಣೆಯುವುದು. ಮುಂದೆ ಬಿಟ್ಟರೆ ಜಡೆ ಎಡಕ್ಕೆ ವಾಲುತ್ತದೆ, ಹಿಂದೆ ಬಿಟ್ಟರೆ ಬಲಕ್ಕೆ. ಕಾರ್ಡಿಗನ್ನಿನ ಎರಡು ಮುಂಭಾಗಗಳು ಎದುರುಬದುರು ನೋಡಬೇಕಾದ್ದರಿಂದ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ತಿರುವುವ ಹೊತ್ತಿಗೆ ಮೂರು ಹೊಲಿಗೆ ಗಾಳಿಯಲ್ಲಿ ತೂಗುತ್ತಿರುತ್ತವೆ. ಆ ಸಾಲನ್ನು ಬೆಳಕಿನಲ್ಲೇ ಮಾಡಬೇಕು. ಹಿಂಬದಿಯ ಸಾಲಿಗೆ ಕಣ್ಣು ಬೇಡ. ಬೆರಳಿಗೆ ಗಂಟು ತಗುಲಿದಲ್ಲಿ ಉಲ್ಟಾ, ನುಣುಪು ತಗುಲಿದಲ್ಲಿ ಸೀದಾ. ಸುರಂಗದ ಪಾಲಿಗೆ ಹಿಂಬದಿ, ಸೇತುವೆಯ ಪಾಲಿಗೆ ತಿರುವು ಎಂದು ಕೈ ತಾನೇ ಹಂಚಿಕೊಂಡುಬಿಡುತ್ತದೆ.

"ಕತ್ಲಲ್ಲೂ ಬಿಡ್ತಿಲ್ವಲ್ಲ ನೀನು!" ಅಜ್ಜಿ ನಕ್ಕರು. ಆಮೇಲೆ ತುಂಡನ್ನು ಕೈಗೆ ತೆಗೆದುಕೊಂಡು ಜಡೆಯ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದರು. "ಇದು ನಿಜವಾದ ಉಣ್ಣೆ. ನಮ್ಮ ಕಂಬಳಿ ಮುಟ್ಟಿದಂಗೇ ಐತೆ."

ಅವರ ಕೈ ಸುಳ್ಳು ಹೇಳಲಿಲ್ಲ. ಈ ಗುಡ್ಡಗಳಿಗೆ ಉಣ್ಣೆ ಬಂದದ್ದು ಕಂಬಳಿಯಾಗಿ, ಬಯಲುಸೀಮೆಯ ಕುರುಬರ ಮಗ್ಗದಿಂದ. ಅದನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹೊದ್ದು ಮಲೆನಾಡಿನವರು ಮಳೆಗಾಲ ಕಳೆದರು. ಉಣ್ಣೆ ತನ್ನ ತೂಕದ ಶೇ 30ರ ಹತ್ತಿರದವರೆಗೂ ತೇವ ಹೀರಿಕೊಂಡು ಮೈಗೆ ಒದ್ದೆ ಅನ್ನಿಸದೆ ಇರಬಲ್ಲದು. ಜಡೆಯ ಹೆಣಿಗೆಗೆ ಹೆಸರಾದ ಐರ್ಲೆಂಡಿನ ಅರಾನ್ ದ್ವೀಪಗಳೂ ಗಾಳಿಮಳೆಯ ಸೀಮೆಯೇ. ಅಲ್ಲಿ ಮನೆತನಕ್ಕೊಂದು ವಿನ್ಯಾಸವಿತ್ತು, ಮುಳುಗಿ ಸತ್ತ ಮೀನುಗಾರನ ಗುರುತನ್ನು ಸ್ವೆಟರಿನಿಂದ ಹಿಡಿಯುತ್ತಿದ್ದರು ಎಂಬ ಕತೆ ಜಗತ್ತೆಲ್ಲ ಸುತ್ತಿದೆ. ಅದಕ್ಕೆ ಆಧಾರವಿಲ್ಲ. 1904ರಲ್ಲಿ ರಂಗಕ್ಕೆ ಬಂದ ಐರಿಶ್ ನಾಟಕಕಾರ ಸಿಂಗ್‌ನ ನಾಟಕವೊಂದರಲ್ಲಿ ಸತ್ತವನ ಕಾಲುಚೀಲದ ಹೊಲಿಗೆಯಿಂದ ಗುರುತು ಹಿಡಿಯುವ ಸನ್ನಿವೇಶವಿದೆ. ಕತೆ ಅಲ್ಲಿಂದ ಬೆಳೆದದ್ದು ಎನ್ನುತ್ತಾರೆ. ಆ ಕತೆಯ ಹಂಗಿಲ್ಲದೆಯೂ ಜಡೆ ಚೆಂದ, ಮಡಿಕೆಯ ಸಂದಿಯಲ್ಲಿ ಗಾಳಿ ಹಿಡಿದಿಡುವುದರಿಂದ ಬೆಚ್ಚಗೆ ಕೂಡ.

ಎಡಕುಮೇರಿಯಲ್ಲಿ ಗಾಡಿ ನಿಂತಾಗ ಹಕ್ಕಿಯ ದನಿ ಬಿಟ್ಟರೆ ಕಡ್ಡಿಗಳ ಟಿಕ್ ಟಿಕ್ ಮಾತ್ರ. ಇದು 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ದಾರಿ. ಹಳಿ ಅಗಲಿಸಲು ಮುಚ್ಚಿದ್ದು ವರ್ಷಗಟ್ಟಲೆ ಮುಚ್ಚಿಯೇ ಇತ್ತು. ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರಿನಲ್ಲಿ. ಶಿರಿಬಾಗಿಲು ಕಳೆದು ಇಳಿದಂತೆಲ್ಲ ಸೆಕೆ ಮೈಗೆ ಅಂಟತೊಡಗಿತು, ಮಡಿಲಿನ ಉಣ್ಣೆ ಭಾರವೆನಿಸಿತು. ಅಜ್ಜಿ ಶಾಲು ಮಡಿಸಿ ಚೀಲಕ್ಕೆ ಹಾಕಿದರು, ನಾನೂ ಕಡ್ಡಿಯ ತುದಿಗೆ ರಬ್ಬರು ಸುತ್ತಿದೆ.

ನೀವೂ ಹೆಣಿಗೆ ಹಿಡಿದು ಈ ದಾರಿಯಲ್ಲಿ ಬರುವುದಾದರೆ ಹಗಲು ರೈಲಿಗೇ ಟಿಕೆಟ್ ಮಾಡಿಸಿ. ಉಣ್ಣೆ ಕೊಳ್ಳುವಾಗಲೂ ಎಚ್ಚರ, ಅಂಗಡಿಯವರು ಉಲ್ಲನ್ ಎಂದು ಕೊಡುವುದೆಲ್ಲ ಉಣ್ಣೆಯಲ್ಲ. ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಹೊರಡುವ ಮುನ್ನ ಅಂಗೈಯಗಲದ ತುಂಡೊಂದನ್ನು ಜಡೆ ಸಮೇತ ಹೆಣೆದು ಅಳೆಯಿರಿ. ಜಡೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ, ಸಾದಾ ಸ್ವೆಟರಿನ ಹೊಲಿಗೆಯ ಲೆಕ್ಕ ಅದಕ್ಕೆ ಸಾಲದು, ಉಣ್ಣೆಯನ್ನೂ ಒಂದೆರಡು ಉಂಡೆ ಹೆಚ್ಚೇ ಕೊಂಡಿರಿ.