ಕೌಂಟಿ ಕೋರ್ಟಿನ ಕಡತ: ಕೇಳಿದ್ದೆಷ್ಟು, ಇರುವುದೆಷ್ಟು

ಅಮೆರಿಕದಲ್ಲಿರುವ ಹುಡುಗನಿಗೆ ಮಗಳನ್ನು ಕೊಡಲು ಹೊರಟವರು, ಅಲ್ಲಿ ಮನೆ ಬಾಡಿಗೆಗೆ ಬಿಡುವವರು, ಗ್ರೀನ್ ಕಾರ್ಡ್ ಅರ್ಜಿ ತುಂಬುವಾಗ ಹಳೆಯ ಪೊಲೀಸ್ ಪ್ರಕರಣವೊಂದು ನೆನಪಾಗಿ ಬೆವರುವವರು, ಇವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ. ಅಲ್ಲಿನ ಕೋರ್ಟಿನ ಕ್ರಿಮಿನಲ್ ದಾಖಲೆ ನೋಡುವುದು ಹೇಗೆ? ಉತ್ತರ ಗೊತ್ತಿರುವವರು ಬಾಯಿ ತೆರೆಯುವ ಮೊದಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಲಹೆಗಳು ಬಂದು ಬಿದ್ದಿರುತ್ತವೆ. ಅವುಗಳಲ್ಲಿ ಹೆಚ್ಚಿನವು ತಪ್ಪು. ಪದೇ ಪದೇ ಕೇಳಿಬರುವ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ತಪ್ಪು ಕಲ್ಪನೆ: ಇಡೀ ದೇಶಕ್ಕೆ ಒಂದು ಸರ್ಕಾರಿ ವೆಬ್‌ಸೈಟ್ ಇದೆ, ಹೆಸರು ಹಾಕಿದರೆ ಸಾಕು

ಬಳ್ಳಾರಿಯ ಕೇಸನ್ನು ಬೆಂಗಳೂರಿನಲ್ಲಿ ಕೂತು ಇ-ಕೋರ್ಟ್ಸ್ ತಾಣದಲ್ಲಿ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಹಾಕಿ ನೋಡಿ ರೂಢಿಯಾದವರಿಗೆ ಹೀಗನ್ನಿಸುವುದು ಸಹಜ. ಅಮೆರಿಕದಲ್ಲಿ ಅಂಥದ್ದಿಲ್ಲ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ದಂಡಸಂಹಿತೆ, ತನ್ನದೇ ಕೋರ್ಟು. ಕಳ್ಳತನ, ಹೊಡೆದಾಟ, ಕುಡಿದು ಕಾರು ಓಡಿಸುವುದು, ಹೆಂಡತಿಯ ಮೇಲೆ ಕೈ ಮಾಡುವುದು, ಇವೆಲ್ಲ ರಾಜ್ಯದ ಕಾನೂನಿಗೆ ಸೇರಿದ ಅಪರಾಧಗಳು. ಘಟನೆ ನಡೆದ ಕೌಂಟಿಯ ಕೋರ್ಟಿನಲ್ಲಿ ವಿಚಾರಣೆ, ಅಲ್ಲೇ ಕಡತ. ಇಂಥ ಕೌಂಟಿಗಳು 3,100ಕ್ಕೂ ಹೆಚ್ಚು. ಲೂಯಿಸಿಯಾನದಲ್ಲಿ ಅದನ್ನು ಪ್ಯಾರಿಷ್ ಎನ್ನುತ್ತಾರೆ, ಅಲಾಸ್ಕಾದಲ್ಲಿ ಬರೋ.

ಇಷ್ಟು ಹೇಳಿದ ಮೇಲೂ ಯಾರಾದರೂ ‘ಪೇಸರ್ ಇದೆಯಲ್ಲ’ ಎನ್ನುತ್ತಾರೆ. ಪೇಸರ್ ಇರುವುದು ನಿಜ, ಒಳ್ಳೆಯ ವ್ಯವಸ್ಥೆಯೂ ಹೌದು. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಗರಿಷ್ಠ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಅದೂ ಮಾಫಿ. ಆದರೆ ಅದರಲ್ಲಿ ಸಿಗುವುದು ಫೆಡರಲ್ ಕೋರ್ಟುಗಳ ಕಡತ ಮಾತ್ರ. ವೀಸಾ ವಂಚನೆ, ಷೇರುಪೇಟೆಯ ಅಕ್ರಮ, ರಾಜ್ಯದ ಗಡಿ ದಾಟಿದ ಮಾದಕವಸ್ತು ಜಾಲ ಇತ್ಯಾದಿ ಅಲ್ಲಿರುತ್ತವೆ. ಪೇಸರ್‌ನಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ಹುಡುಗ ಶುದ್ಧ ಎಂದು ತೀರ್ಮಾನಿಸಿದರೆ, ಹುಡುಕಬೇಕಾದ ಬಾಗಿಲನ್ನು ನೀವಿನ್ನೂ ತಟ್ಟಿಯೇ ಇಲ್ಲ.

ಹಾಗಾಗಿ ಮೊದಲ ಪ್ರಶ್ನೆ ‘ಎಲ್ಲಿ ವಾಸ’ ಎಂಬುದಲ್ಲ, ‘ಎಲ್ಲಿ ನಡೆಯಿತು’ ಎಂಬುದು. ಸ್ಯಾನ್ ಹೋಸೆಯಲ್ಲಿ ಮನೆ ಮಾಡಿಕೊಂಡವನು ವಾರಾಂತ್ಯಕ್ಕೆ ಲೇಕ್ ತಾಹೋಗೆ ಹೋಗಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ ಅವನ ಊರಿನ ಸಾಂತಾ ಕ್ಲಾರಾ ಕೌಂಟಿಯಲ್ಲಿ ಕಡತ ಹುಟ್ಟುವುದೇ ಇಲ್ಲ. ಸಿಕ್ಕಿದ್ದು ಸೌತ್ ಲೇಕ್ ತಾಹೋ ಊರಿನಲ್ಲಾದರೆ ಎಲ್ ಡೊರಾಡೊ ಕೌಂಟಿಯಲ್ಲಿ ಹುಡುಕಬೇಕು. ಸರೋವರದ ಪೂರ್ವ ದಂಡೆಯಾದರೆ ಅದು ನೆವಾಡಾ ರಾಜ್ಯ, ಕಾನೂನೂ ಬೇರೆ ಕೋರ್ಟೂ ಬೇರೆ. ಓದಿದ ಊರು, ಮೊದಲ ಕೆಲಸದ ಊರು, ಈಗಿನ ಊರು, ಇವುಗಳ ಕೌಂಟಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೊರಡುವುದೇ ಸರಿಯಾದ ಕ್ರಮ.

ತಪ್ಪು ಕಲ್ಪನೆ: ಕೌಂಟಿ ಗೊತ್ತಾದರೆ ಮುಗಿಯಿತು, ಅಲ್ಲಿರುವುದು ಒಂದೇ ಕೋರ್ಟು

ಕ್ಯಾಲಿಫೋರ್ನಿಯಾದ ಮಟ್ಟಿಗೆ ಇದು ನಿಜ. ಅಲ್ಲಿನ 58 ಕೌಂಟಿಗಳಲ್ಲೂ ಒಂದೊಂದು ಸುಪೀರಿಯರ್ ಕೋರ್ಟು, ಚಿಕ್ಕ ಕೇಸು ದೊಡ್ಡ ಕೇಸು ಎಲ್ಲ ಅಲ್ಲೇ. ವಾಷಿಂಗ್ಟನ್ ರಾಜ್ಯದಲ್ಲಿ ಹಾಗಲ್ಲ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಫೆಲನಿ, ಅಂದರೆ ಘೋರ ಅಪರಾಧಗಳು, ಸುಪೀರಿಯರ್ ಕೋರ್ಟಿಗೆ ಹೋಗುತ್ತವೆ. ಮಿಸ್‌ಡಿಮೀನರ್ ಎನ್ನುವ ಸಣ್ಣ ಅಪರಾಧಗಳು ಡಿಸ್ಟ್ರಿಕ್ಟ್ ಕೋರ್ಟಿನಲ್ಲಿರಬಹುದು, ಸಿಯಾಟಲ್ ನಗರದೊಳಗೆ ನಡೆದಿದ್ದರೆ ಮುನಿಸಿಪಲ್ ಕೋರ್ಟಿನಲ್ಲಿರಬಹುದು. ಟೆಕ್ಸಸ್‌ನ ಹಲವು ಕೌಂಟಿಗಳಲ್ಲಿ ಫೆಲನಿ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ, ಮಿಸ್‌ಡಿಮೀನರ್ ಕಡತ ಕೌಂಟಿ ಕ್ಲರ್ಕ್ ಹತ್ತಿರ. ಒಂದು ಕಡೆ ನೋಡಿ ಇನ್ನೊಂದು ಕಡೆ ಬಿಟ್ಟರೆ ಅರ್ಧ ನೋಡಿದಂತೆ. ನ್ಯೂಯಾರ್ಕ್ ಇನ್ನೂ ತಮಾಷೆ. ಅಲ್ಲಿ ಸುಪ್ರೀಂ ಕೋರ್ಟ್ ಎನ್ನುವುದು ವಿಚಾರಣಾ ನ್ಯಾಯಾಲಯ, ರಾಜ್ಯದ ಅತ್ಯುನ್ನತ ಕೋರ್ಟಿನ ಹೆಸರು ಕೋರ್ಟ್ ಆಫ್ ಅಪೀಲ್ಸ್.

ಯಾವ ರಾಜ್ಯವಾದರೂ ಕಡತ ಕಾಯುವ ಅಧಿಕಾರಿ ಕೋರ್ಟಿನ ಕ್ಲರ್ಕ್. ಪೊಲೀಸ್ ಠಾಣೆಯಲ್ಲೋ ಜಿಲ್ಲಾ ಅಟಾರ್ನಿಯ ಕಚೇರಿಯಲ್ಲೋ ಕೇಳಿದರೆ ಬೇರೆಯದೇ ಕಾಗದಗಳ ಮಾತು ಬರುತ್ತದೆ.

ತಪ್ಪು ಕಲ್ಪನೆ: ಸಾರ್ವಜನಿಕ ದಾಖಲೆ ಎಂದ ಮೇಲೆ ಇಂಟರ್‌ನೆಟ್ಟಿನಲ್ಲಿ ಇರಲೇಬೇಕು

ದಾಖಲೆ ಸಾರ್ವಜನಿಕ ಎಂಬುದರಲ್ಲಿ ಅನುಮಾನವಿಲ್ಲ. ನ್ಯಾಯಾಲಯದ ಕಾಗದಗಳನ್ನು ನೋಡುವ, ನಕಲು ಪಡೆಯುವ ಹಕ್ಕು ಜನರಿಗಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ, ನಿಕ್ಸನ್ ಧ್ವನಿಸುರುಳಿಗಳ ಪ್ರಕರಣದಲ್ಲಿ, ಒಪ್ಪಿಕೊಂಡಿತು. ಆ ಹಕ್ಕಿಗೆ ಮಿತಿಯುಂಟು ಎಂದೂ ಆಗಲೇ ಹೇಳಿತು. 1980ರ ರಿಚ್ಮಂಡ್ ನ್ಯೂಸ್‌ಪೇಪರ್ಸ್ ತೀರ್ಪು ಕ್ರಿಮಿನಲ್ ವಿಚಾರಣೆಯ ಬಾಗಿಲನ್ನೂ ಜನರಿಗೆ ತೆರೆಯಿತು. ಆದರೆ ತೆರೆದಿರುವ ಬಾಗಿಲಿನವರೆಗೆ ನಡೆದು ಹೋಗಬೇಕಾದವರು ನಾವೇ.

ಕ್ಯಾಲಿಫೋರ್ನಿಯಾದ ನಿಯಮ ಇದನ್ನು ಬಿಡಿಸಿ ಹೇಳುತ್ತದೆ. ಕೇಸುಗಳ ಸೂಚಿ, ವಿಚಾರಣೆಯ ದಿನಾಂಕ ಮುಂತಾದವನ್ನು ದೂರದಿಂದ ನೋಡಬಹುದು. ಕ್ರಿಮಿನಲ್ ಕಡತದ ಒಳಗಿನ ಕಾಗದಗಳು ಕಂಪ್ಯೂಟರಿನಲ್ಲಿದ್ದರೂ ಕೋರ್ಟಿನ ಕಟ್ಟಡದೊಳಗಿನ ಪರದೆಯಲ್ಲಷ್ಟೇ ಸಾಮಾನ್ಯರಿಗೆ ಕಾಣುತ್ತವೆ. 2021ರಲ್ಲಿ ಅಲ್ಲಿನ ಅಪೀಲು ನ್ಯಾಯಾಲಯ ರಿವರ್‌ಸೈಡ್ ಕೌಂಟಿಯ ಪ್ರಕರಣವೊಂದರಲ್ಲಿ, ಹುಟ್ಟಿದ ದಿನಾಂಕ ಹಾಕಿಯೋ ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ ಹಾಕಿಯೋ ಕ್ರಿಮಿನಲ್ ಸೂಚಿಯನ್ನು ಜಾಲಾಡಲು ಬಿಡುವುದು ನಿಯಮಕ್ಕೆ ವಿರುದ್ಧ ಎಂದಿತು. ಇದಕ್ಕೆ ತೀರ ಎದುರು ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ. ಅಲ್ಲಿ ಕೇಸಿನ ಸಾರಾಂಶ ರಾಜ್ಯಮಟ್ಟದ ತಾಣದಲ್ಲಿ ಪುಕ್ಕಟೆ. ಫ್ಲಾರಿಡಾದಲ್ಲಿ 67 ಕೌಂಟಿಗಳ 67 ಕ್ಲರ್ಕ್‌ಗಳೂ ತಮ್ಮ ತಮ್ಮ ತಾಣ ಇಟ್ಟುಕೊಂಡಿದ್ದಾರೆ. ನ್ಯೂಯಾರ್ಕ್ ಇಡೀ ರಾಜ್ಯವನ್ನು ಹುಡುಕಿಕೊಡುತ್ತದೆ, ಒಂದು ಹೆಸರಿಗೆ 95 ಡಾಲರ್ ತೆಗೆದುಕೊಂಡು.

ಇದೇನು ಕಿರಿಕಿರಿ ಎನ್ನಿಸಬಹುದು. ನನಗೆ ಆ ಅಡಚಣೆ ಪೂರ್ತಿ ತಪ್ಪೆನ್ನಿಸುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಅಂಗಡಿಯಿಂದ ಒಂದು ಟೀ ಶರ್ಟ್ ಎತ್ತಿಕೊಂಡವಳ ಕಡತವನ್ನು ಅವಳ ಬೀದಿಯವರೆಲ್ಲ ರಾತ್ರಿ ಮಲಗುವ ಮುನ್ನ ಫೋನಿನಲ್ಲಿ ಓದುವುದರಿಂದ ನ್ಯಾಯಕ್ಕೆ ಏನು ಲಾಭ? 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಇಂಥದೇ ಮಾತು ಹೇಳಿತ್ತು. ಊರೂರಿನ ಕೋರ್ಟುಗಳಲ್ಲಿ ಚೆದುರಿಕೊಂಡಿರುವ ಕಾಗದಗಳು ಸಾರ್ವಜನಿಕವೇ ಇರಬಹುದು, ಅವನ್ನೆಲ್ಲ ಒಂದೆಡೆ ಕೂಡಿಸಿ ಎಫ್‌ಬಿಐ ಇಟ್ಟುಕೊಂಡ ಪಟ್ಟಿಯನ್ನು ಮಾತ್ರ ಮೂರನೆಯವರು ಕೇಳುವಂತಿಲ್ಲ ಎಂದು. ಆ ಪಟ್ಟಿಯನ್ನು ಅವರವರು ತಮ್ಮ ಬೆರಳಚ್ಚು ಕೊಟ್ಟು, 18 ಡಾಲರ್ ಕಟ್ಟಿ ತರಿಸಿಕೊಳ್ಳಬಹುದು.

ಕೌಂಟರಿಗೆ ಹೋಗಲಾಗದವರು ಕೇಸ್ ನಂಬರ್ ಬರೆದು ಅಂಚೆಯಲ್ಲಿ ಅರ್ಜಿ ಹಾಕಬಹುದು, ಹೆಚ್ಚಿನ ಕೋರ್ಟುಗಳು ಒಪ್ಪುತ್ತವೆ. ಕ್ಯಾಲಿಫೋರ್ನಿಯಾದ ದರ ಹೀಗೆ: ನಕಲಿಗೆ ಪುಟಕ್ಕೆ 50 ಸೆಂಟ್, ಹುಡುಕಲು ಹತ್ತು ನಿಮಿಷ ಮೀರಿದರೆ 15 ಡಾಲರ್, ಮುದ್ರೆ ಹಾಕಿ ದೃಢೀಕರಿಸಲು 40 ಡಾಲರ್.

ತಪ್ಪು ಕಲ್ಪನೆ: ನಮ್ಮ ಆರ್‌ಟಿಐ ಹಾಗೆ ಅಲ್ಲಿನ ಫೋಯಾ ಅರ್ಜಿ ಹಾಕಿದರೆ ಕೊಡಲೇಬೇಕು

ಫೋಯಾ 1966ರ ಕಾಯ್ದೆ. ಅದು ಫೆಡರಲ್ ಸರ್ಕಾರದ ಇಲಾಖೆಗಳಿಗೆ ಅನ್ವಯ, ಕೋರ್ಟುಗಳಿಗಲ್ಲ. ಕೌಂಟಿ ಕೋರ್ಟಿನ ಕಡತಕ್ಕೆ ಕ್ಲರ್ಕ್ ಕಚೇರಿಯ ಸಾಮಾನ್ಯ ಅರ್ಜಿ ಸಾಕು.

ತಪ್ಪು ಕಲ್ಪನೆ: ಹೆಸರು ಸಿಕ್ಕರೆ ಅವನೇ, ಸಿಗದಿದ್ದರೆ ಏನೂ ಇಲ್ಲ

ಕನ್ನಡಿಗರ ಹೆಸರುಗಳು ಅಮೆರಿಕದ ಕಂಪ್ಯೂಟರುಗಳಿಗೆ ಯಾವತ್ತೂ ತಲೆನೋವು. ಊರಿನ ಹೆಸರು, ತಂದೆಯ ಹೆಸರು, ಕೊನೆಗೆ ತನ್ನ ಹೆಸರು ಎಂಬ ಕ್ರಮದಲ್ಲಿ ಬೆಳೆದವರನ್ನು ಫಸ್ಟ್ ನೇಮ್, ಲಾಸ್ಟ್ ನೇಮ್ ಎಂಬ ಎರಡು ಖಾನೆಗಳಲ್ಲಿ ತುರುಕಿದಾಗ ಯಾವುದು ಎಲ್ಲಿಗೆ ಹೋಯಿತೆಂದು ಹೇಳುವಂತಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದಿರುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ. ಕೋರ್ಟಿನ ಸೂಚಿಯಲ್ಲೂ ಅದೇ ಕೂತಿರಬಹುದು. ಮಂಜುನಾಥನ ಕೊನೆಗೆ ಇಂಗ್ಲಿಷಿನಲ್ಲಿ ‘ಎ’ ಇದೆಯೋ ಇಲ್ಲವೋ, ಶ್ರೀನಿವಾಸ ‘ಎಸ್‌ಎಚ್‌ಆರ್’ನಿಂದ ಶುರುವೋ ‘ಎಸ್‌ಆರ್’ನಿಂದ ಶುರುವೋ, ಎಲ್ಲ ಬಗೆಯಲ್ಲೂ ಹುಡುಕಬೇಕು. ಹೆಸರನ್ನು ಹಿಂದುಮುಂದು ಮಾಡಿಯೂ ಹುಡುಕಬೇಕು.

ಹಾಗೆಯೇ ರಾವ್, ರೆಡ್ಡಿ, ಕುಮಾರ್, ಗೌಡ ಎಂದು ಹಾಕಿದರೆ ಹಲವರು ಎದ್ದು ಬರುತ್ತಾರೆ. ಹುಟ್ಟಿದ ವರ್ಷ, ಮಧ್ಯದ ಹೆಸರು, ಆಗಿನ ವಿಳಾಸ, ಇವುಗಳಲ್ಲಿ ಎರಡಾದರೂ ತಾಳೆಯಾಗದೆ ಇವನೇ ಅವನು ಎಂದು ಬೀಗರಿಗೆ ಫೋನ್ ಮಾಡುವುದು ಅನ್ಯಾಯ.

ತಪ್ಪು ಕಲ್ಪನೆ: ಬಂಧನವಾಗಿದೆ ಎಂದರೆ ತಪ್ಪು ಮಾಡಿದ್ದಾನೆ

ಬಂಧನ ಪೊಲೀಸರ ಕೆಲಸ. ಆಮೇಲೆ ಜಿಲ್ಲಾ ಅಟಾರ್ನಿ ಆರೋಪ ಹೊರಿಸದೆ ಬಿಡಬಹುದು, ಆಗ ಕೋರ್ಟಿನಲ್ಲಿ ಕೇಸೇ ಇರುವುದಿಲ್ಲ. ಶೆರಿಫ್ ಕಚೇರಿಯ ಜೈಲುಪಟ್ಟಿಯಲ್ಲಿ ಒಂದು ರಾತ್ರಿ ಕಂಡ ಫೋಟೊ ಮಾತ್ರ ಖಾಸಗಿ ತಾಣಗಳಲ್ಲಿ ವರ್ಷಗಟ್ಟಲೆ ತಿರುಗುತ್ತಿರುತ್ತದೆ. ಕೇಸು ದಾಖಲಾದರೂ ಮೊದಲು ಕಾಣುವ ಆರೋಪದ ಸಾಲನ್ನು ಓದಿ ಪುಟ ಮುಚ್ಚಬೇಡಿ. ಕಣ್ಣು ಹೋಗಬೇಕಾದದ್ದು ‘ಡಿಸ್ಪೊಸಿಷನ್’ ಎಂಬ ಕಡೆಗೆ. ಪ್ರಕರಣದ ಅಂತ್ಯ ಅಲ್ಲಿರುತ್ತದೆ. ‘ಡಿಸ್ಮಿಸ್ಡ್’ ಎಂದರೆ ಕೇಸು ವಜಾ, ‘ನೋಲೆ ಪ್ರಾಸಿಕ್ವಿ’ ಎಂದರೆ ಸರ್ಕಾರವೇ ಕೈಬಿಟ್ಟಿತು. ಕುಡಿದು ಓಡಿಸಿದ ಆರೋಪ ರಾಜಿಯಲ್ಲಿ ಅಜಾಗರೂಕ ಚಾಲನೆಯಾಗಿ ಇಳಿದಿರುವುದೂ ಉಂಟು.

ಇನ್ನೊಂದು ಕಡೆ, ಹೆಣ್ಣು ಕೊಡುವವರು ನಿಜವಾಗಿ ತಿಳಿಯಬೇಕಾದ್ದು ಕ್ರಿಮಿನಲ್ ಸೂಚಿಯಲ್ಲಿ ಇಲ್ಲದೆಯೂ ಇರಬಹುದು. ವಿಚ್ಛೇದನ ಕೌಟುಂಬಿಕ ವಿಭಾಗದಲ್ಲಿರುತ್ತದೆ. ಹಿಂಸೆಗೆ ಹೆದರಿ ಹೆಂಡತಿ ತಂದ ರಕ್ಷಣಾ ಆದೇಶ ಬಹುಪಾಲು ಸಿವಿಲ್ ಪ್ರಕರಣ. ಅವನ್ನು ಪ್ರತ್ಯೇಕವಾಗಿ ಹುಡುಕಬೇಕು. ರಕ್ಷಣೆ ಪಡೆದವಳ ಗುರುತು ಬಯಲಾಗುವಂತೆ ಆ ಆದೇಶವನ್ನು ಅಂತರ್ಜಾಲದಲ್ಲಿ ಹಾಕಲು ಫೆಡರಲ್ ಕಾನೂನಿನ ಅಡ್ಡಿಯಿರುವುದರಿಂದ ಇಲ್ಲೂ ಕೋರ್ಟಿಗೇ ಹೋಗಬೇಕಾದೀತು.

ತಪ್ಪು ಕಲ್ಪನೆ: 20 ಡಾಲರ್ ತೆಗೆದುಕೊಳ್ಳುವ ಖಾಸಗಿ ತಾಣ ಎಲ್ಲವನ್ನೂ ಹುಡುಕಿ ಕೊಡುತ್ತದೆ

ಅವು ಎಂದೋ ಕೊಂಡ ಹಳೆಯ ದತ್ತಾಂಶವನ್ನು ಕಲಸಿ ಮಾರುತ್ತವೆ. ಆಮೇಲೆ ವಜಾ ಆದದ್ದು, ಮುಚ್ಚಿಸಿದ್ದು ಅಲ್ಲಿಗೆ ತಲುಪಿರುತ್ತದೆ ಎಂಬ ಭರವಸೆಯಿಲ್ಲ. ಕೆಲಸಕ್ಕೆ, ಬಾಡಿಗೆಗೆ ನಮ್ಮ ವರದಿ ಬಳಸಬೇಡಿ ಎಂದು ಅವೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಬಳಸಿದರೆ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಕೊರಳಿಗೆ ಬೀಳುತ್ತದೆ. ಆ ಕಾಯ್ದೆಗೆ ಒಳಪಟ್ಟ ನಿಜವಾದ ಬ್ಯಾಕ್‌ಗ್ರೌಂಡ್ ಚೆಕ್ ಸಂಸ್ಥೆಗಳೇ ಬೇರೆ. ವರದಿ ನೋಡಿ ಕೆಲಸ ನಿರಾಕರಿಸುವ ಕಂಪನಿ ಮೊದಲು ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ತಪ್ಪಿದೆ ಎಂದು ಅಭ್ಯರ್ಥಿ ತಕರಾರು ಹಾಕಿದರೆ ಸಾಮಾನ್ಯವಾಗಿ 30 ದಿನಗಳಲ್ಲಿ ಪರಿಶೀಲಿಸಬೇಕು. ಶಿಕ್ಷೆಯಾಗದ ಬಂಧನ ಏಳು ವರ್ಷಕ್ಕಿಂತ ಹಳೆಯದಾದರೆ ವರದಿಯಲ್ಲಿ ಬರಕೂಡದು ಎಂಬ ನಿಯಮವೂ ಇದೆ, ಆದರೆ ವರ್ಷಕ್ಕೆ 75,000 ಡಾಲರ್ ಅಥವಾ ಹೆಚ್ಚಿನ ಸಂಬಳದ ಕೆಲಸಗಳಿಗೆ ಫೆಡರಲ್ ಕಾನೂನಿನಲ್ಲಿ ಅದು ಅನ್ವಯವಾಗದು. ನಮ್ಮ ಸಾಫ್ಟ್‌ವೇರ್ ಹುಡುಗರಲ್ಲಿ ಹೆಚ್ಚಿನವರು ಈ ರಕ್ಷಣೆಯ ಹೊರಗೇ ಉಳಿಯುತ್ತಾರೆ.

ತಪ್ಪು ಕಲ್ಪನೆ: ಎಕ್ಸ್‌ಪಂಜ್ ಮಾಡಿಸಿದರೆ ಅಳಿಸಿಹೋಯಿತು, ಇನ್ನು ಯಾರಿಗೂ ಹೇಳಬೇಕಿಲ್ಲ

ವಲಸಿಗರಿಗೆ ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಇದು. ದಾಖಲೆ ಮುಚ್ಚಿಸುವ ದಾರಿ ಹಲವು ರಾಜ್ಯಗಳಲ್ಲಿದೆ. ತಾನಾಗಿಯೇ ಮುಚ್ಚುವಂತೆ ಮೊದಲು ಕಾನೂನು ಮಾಡಿದ್ದು ಪೆನ್ಸಿಲ್ವೇನಿಯಾ, 2018ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಜನ ಎಕ್ಸ್‌ಪಂಜ್ ಎಂದು ಕರೆಯುವ 1203.4ನೇ ಕಲಮಿನ ಪರಿಹಾರದಲ್ಲಂತೂ ಕಡತ ನಾಶವಾಗುವುದಿಲ್ಲ, ಶಿಕ್ಷೆ ವಜಾ ಆಯಿತೆಂಬ ಸಾಲು ಅದಕ್ಕೆ ಸೇರುತ್ತದೆ, ಅಷ್ಟೆ.

ವಲಸೆ ಇಲಾಖೆಗೆ ಈ ಯಾವುದೂ ಲೆಕ್ಕಕ್ಕಿಲ್ಲ ಎಂದರೆ ಹೆಚ್ಚೇನೂ ತಪ್ಪಾಗದು. 1996ರಿಂದ ಅಲ್ಲಿ ‘ಶಿಕ್ಷೆ’ಗೆ ಬೇರೆಯೇ ವ್ಯಾಖ್ಯೆ. ತಪ್ಪೊಪ್ಪಿಕೊಂಡು ಒಂದಿಷ್ಟು ದಂಡವೋ ನಿರ್ಬಂಧವೋ ಬಿದ್ದಿದ್ದರೆ ಅದು ಶಿಕ್ಷೆಯೇ. ಟೆಕ್ಸಸ್‌ನ ‘ಡಿಫರ್ಡ್ ಅಡ್ಜುಡಿಕೇಷನ್’ನಲ್ಲಿ ಷರತ್ತು ಮುಗಿಸಿ ಮನೆಗೆ ಹೋದವನು ರಾಜ್ಯದ ದೃಷ್ಟಿಯಲ್ಲಿ ಶಿಕ್ಷಿತನಲ್ಲ, ವಲಸೆ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯವಾಗಿ ಶಿಕ್ಷಿತ. ಪೌರತ್ವದ ಅರ್ಜಿ ಮುಚ್ಚಿಸಿದ ಬಂಧನಗಳನ್ನೂ ಸೇರಿಸಿಯೇ ಕೇಳುತ್ತದೆ, ದೃಢೀಕೃತ ಡಿಸ್ಪೊಸಿಷನ್ ಪ್ರತಿಯನ್ನೂ ಬೇಡುತ್ತದೆ. ಬೆರಳಚ್ಚು ಎಫ್‌ಬಿಐಗೆ ಹೋಗುತ್ತದೆ, ಅಲ್ಲಿ ಹಳೆಯ ಬಂಧನ ಕಂಡು ಅರ್ಜಿಯಲ್ಲಿ ಕಾಣದಿದ್ದರೆ ಹಳೆಯ ಸಣ್ಣ ಕೇಸಿಗಿಂತ ಹೊಸ ಸುಳ್ಳು ದೊಡ್ಡದಾಗುತ್ತದೆ.

ಆ ಪ್ರತಿ ಬೇಕಾದಾಗ ಕಡತವೇ ಇಲ್ಲದಿರಬಹುದು. ಕ್ಯಾಲಿಫೋರ್ನಿಯಾದ ಕೋರ್ಟುಗಳು ಫೆಲನಿ ಕಡತವನ್ನು ಸಾಮಾನ್ಯವಾಗಿ 50 ವರ್ಷ ಇಡಬೇಕು, ಮಿಸ್‌ಡಿಮೀನರ್ ಕಡತವನ್ನು ಹೆಚ್ಚಿನ ಪ್ರಕರಣಗಳಲ್ಲಿ ಐದೇ ವರ್ಷ. ಅದು ಹೋಗಿದ್ದರೆ ‘ನಮ್ಮಲ್ಲಿ ದಾಖಲೆ ಉಳಿದಿಲ್ಲ’ ಎಂದು ಕ್ಲರ್ಕ್ ಕೊಡುವ ಪತ್ರವನ್ನಾದರೂ ತರಬೇಕು.

ಆದ್ದರಿಂದ ಸಣ್ಣದೋ ದೊಡ್ಡದೋ, ಹೆಸರಿನಲ್ಲಿ ಒಂದು ಕೇಸು ನಡೆದಿದ್ದರೆ ಅದು ಮುಗಿದ ವಾರವೇ ಮುದ್ರೆ ಬಿದ್ದ ಡಿಸ್ಪೊಸಿಷನ್ ಪ್ರತಿ ಎರಡು ತೆಗೆಸಿಟ್ಟುಕೊಳ್ಳಿ. ದಾಖಲೆ ಮುಚ್ಚಿಸುವ ಅರ್ಜಿಗೆ ಸಹಿ ಹಾಕುವುದು ಅದಾದ ಮೇಲೆ, ಅದೂ ವಲಸೆ ಕಾನೂನು ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ.